ಸ್ಪಾಯ್ಲರ್ ಬೇಡ ಅಂದ್ರೆ ಎಷ್ಟು ದಿನ, ಎಲ್ಲಿವರೆಗೆ, ಯಾರ ಮುಂದೆ?

ಕಡೇಬೆಂಚು:
ಸಿನಿಮಾ ಬಂದ ಮೊದಲ ದಿನವೇ ನೋಡೋಕೆ ಎಲ್ಲರಿಗೂ ಆಗಲ್ಲ. ಅದನ್ನ ಒಪ್ಪಿಕೊಂಡೇ ಮಾತು ಶುರು ಮಾಡೋಣ. ಸ್ಪಾಯ್ಲರ್ ಅಂದ್ರೆ ನೋಡದೇ ಇರೋರಿಗೆ ಕಥೆಯ ಗುಟ್ಟು ಮೊದಲೇ ಬಿಟ್ಟುಕೊಡೋದು. ನಾನಿರೋ ಒಂದು ಗುಂಪಲ್ಲಿ ಒಬ್ಬರು ಹೊಸ ಥ್ರಿಲ್ಲರ್ ಬಗ್ಗೆ ಬರೆದಿದ್ರು. ಮೊದಲ ಸಾಲೇ "ಕೊಲೆಗಾರ ಇಂಥವನು ಅಂತ ಗೊತ್ತಾದಾಗ ನಾನು ಗರಬಡಿದವನ ಹಾಗೆ ಕೂತಿದ್ದೆ". "ಇಂಥವನು" ಅನ್ನೋ ಜಾಗದಲ್ಲಿ ಪಾತ್ರದ ಹೆಸರೇ ಇತ್ತು. ಕೆಳಗೆ ಯಾರೋ "ಸ್ವಾಮಿ, ಇನ್ನೂ ನೋಡಿಲ್ಲ" ಅಂದ್ರೆ, "ನೋಡದೇ ಇರೋರು ಸಿನಿಮಾ ಚರ್ಚೆಗೆ ಯಾಕೆ ಬರ್ತೀರಿ?" ಅಂತ ಉತ್ತರ.

ಆ ಪುಣ್ಯಾತ್ಮರ ಜೊತೆ ಜಗಳ ಮಾಡೋ ಉಮೇದು ನನಗಿಲ್ಲ. ಆದ್ರೆ ಮೂರು ಪ್ರಶ್ನೆ ಇವೆ. ಹೊಸ ಸಿನಿಮಾ ಬಗ್ಗೆ ಎಷ್ಟು ದಿನ ಬಾಯಿ ಬಿಗಿಹಿಡಿಯಬೇಕು? ಹಳೇ ಸಿನಿಮಾಗೂ ಈ ನಿಯಮ ಇದೆಯಾ? ಮೇಲ್ಗಡೆ "ಸ್ಪಾಯ್ಲರ್ ಇದೆ" ಅಂತ ಒಂದು ಸಾಲು ಹಾಕಿಬಿಟ್ರೆ ಬರೆದವರ ಜವಾಬ್ದಾರಿ ಮುಗೀತಾ?

ಎರಡನೇ_ಆಟ:
ಎರಡು ವಾರ. ಅಷ್ಟರಲ್ಲಿ ನೋಡಿಲ್ಲ ಅಂದ್ರೆ ಆ ಸಿನಿಮಾ ನಿಮಗೆ ಅಷ್ಟೇನೂ ಮುಖ್ಯ ಅಲ್ಲ. ಮುಗೀತು, ಮುಂದಿನ ಪ್ರಶ್ನೆ.

ನಿಶಾಚರಿ → ಎರಡನೇ_ಆಟ:
ಅದ್ಯಾವ ಲೆಕ್ಕ ಗುರೂ? ರಾತ್ರಿ ಪಾಳಿ ಮಾಡೋರು, ಕೈಗೂಸು ಇರೋರು, ಹತ್ತಿರದಲ್ಲಿ ಥಿಯೇಟರ್ರೇ ಇಲ್ಲದೋರು ಎಲ್ಲಾ ಎರಡು ವಾರದೊಳಗೆ ಓಡಿಹೋಗಿ ನೋಡಬೇಕಾ? ಓಟಿಟಿಗೆ ಬಂದ್ಮೇಲೆ ನೋಡೋರೂ ಪ್ರೇಕ್ಷಕರೇ. ಅವರಿಗೆ ಆವತ್ತೇ ಮೊದಲ ಆಟ.

ಎರಡನೇ_ಆಟ → ನಿಶಾಚರಿ:
ಹಾಗಂತ ಮೊದಲ ದಿನ ನೋಡಿದೋರು ತಿಂಗಳುಗಟ್ಟಲೆ ಹೊಟ್ಟೇಲಿಟ್ಕೊಂಡು ಕೂರಬೇಕಾ? ಸಿನಿಮಾ ನೋಡೋದ್ರಲ್ಲಿ ಅರ್ಧ ಸುಖ ಇರೋದೇ ಆಮೇಲೆ ಮಾತಾಡೋದ್ರಲ್ಲಿ. ಅದನ್ನ ಕಿತ್ಕೊಳ್ಳೋದು ಅನ್ಯಾಯ ಅಲ್ವಾ?

ಹಳೇರೀಲು:
ದಿನದ ಲೆಕ್ಕವನ್ನ ಸಿನಿಮಾ ಮಾಡಿದೋರೇ ಹಾಕಿಕೊಟ್ಟ ಒಂದು ಪ್ರಸಂಗ ಇದೆ. 2019ರಲ್ಲಿ 'ಅವೆಂಜರ್ಸ್: ಎಂಡ್‌ಗೇಮ್' ಬರೋ ಮೊದಲು ನಿರ್ದೇಶಕರಾದ ರೂಸೋ ಸಹೋದರರು ಅಭಿಮಾನಿಗಳಿಗೆ ಬಹಿರಂಗ ಪತ್ರ ಬರೆದು, ಕಥೆ ಬಿಟ್ಟುಕೊಡಬೇಡಿ ಅಂತ ಕೇಳಿಕೊಂಡ್ರು. ಏಪ್ರಿಲ್ 26ಕ್ಕೆ ಅಮೆರಿಕದಲ್ಲಿ ಬಿಡುಗಡೆ ಆಯ್ತು. ಮೇ 6ರಿಂದ ಮಾತಾಡಬಹುದು ಅಂತ ಅವರೇ ಹೇಳಿದ್ರು. ಅಂದ್ರೆ ಎರಡು ವಾರಾಂತ್ಯ ಕಳೆದ ಕೂಡಲೇ ಬೀಗ ತೆಗೆದ ಹಾಗಾಯ್ತು. ಆದ್ರೆ ಅದು ಜಗತ್ತೇ ಒಟ್ಟಿಗೆ ಮುಗಿಬಿದ್ದು ನೋಡಿದ ಸಿನಿಮಾ. ಬಾಯಿಮಾತಿನ ಮೇಲೆ ನಿಧಾನಕ್ಕೆ ಎದ್ದು ಬರೋ ಸಣ್ಣ ಚಿತ್ರಕ್ಕೆ ಇದೇ ಅಳತೆ ಹಿಡಿದ್ರೆ, ಅದರ ಪ್ರೇಕ್ಷಕರು ಬರೋ ಹೊತ್ತಿಗೆ ಗುಟ್ಟೆಲ್ಲಾ ಬೀದೀಲಿರುತ್ತೆ.

ಈ ಕೋರಿಕೆ ಇಂಟರ್‌ನೆಟ್ ಕಾಲದ್ದೂ ಅಲ್ಲ. ಅಗಾಥಾ ಕ್ರಿಸ್ಟಿಯ 'ದಿ ಮೌಸ್‌ಟ್ರ್ಯಾಪ್' ನಾಟಕ ಲಂಡನ್ನಲ್ಲಿ ಶುರುವಾಗಿದ್ದು 1952ರಲ್ಲಿ. ಆಟ ಮುಗಿದ ಮೇಲೆ ಕೊಲೆಗಾರ ಯಾರು ಅನ್ನೋದು ನಿಮ್ಮಲ್ಲೇ ಇರಲಿ ಅಂತ ಪ್ರೇಕ್ಷಕರನ್ನ ಕೇಳಿಕೊಳ್ಳೋದು ಅಲ್ಲಿನ ಸಂಪ್ರದಾಯ. 1955ರ ಫ್ರೆಂಚ್ ಚಿತ್ರ 'ಲೆ ಡಿಯಬೊಲಿಕ್' ಮುಗಿದಾಗ ತೆರೆ ಮೇಲೇ ಬರಹ ಬರುತ್ತೆ, ನೋಡಿದ್ದನ್ನ ಹೇಳಿ ಗೆಳೆಯರ ಕುತೂಹಲ ಕೆಡಿಸಬೇಡಿ ಅಂತ. 1960ರಲ್ಲಿ 'ಸೈಕೋ' ಬಂದಾಗ, ಆಟ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದು ಅಂತ ಅದರ ನಿರ್ದೇಶಕ ಹಿಚ್‌ಕಾಕ್ ಥಿಯೇಟರಿನವರಿಗೆ ಕಟ್ಟುನಿಟ್ಟು ಮಾಡಿದ್ರು. ಯಾಕೆ ಅಂತ ನೋಡಿದೋರಿಗೆ ಹೇಳಬೇಕಿಲ್ಲ, ನೋಡದೋರಿಗೆ ಹೇಳಬಾರದು.

ಮಧ್ಯಂತರ → ಹಳೇರೀಲು:
ಸೈಕೋ ಗುಟ್ಟು ಇನ್ನೂ ಗುಟ್ಟಾ ಸರ್? ಅರವತ್ತು ವರ್ಷ ದಾಟಿದೆ.

ಬ್ಯಾಕ್‌ಲಾಗ್ → ಮಧ್ಯಂತರ:
ನಂಗೆ ಹತ್ತೊಂಬತ್ತು ವರ್ಷ ಅಣ್ಣ. ನಾನು ಹುಟ್ಟೋ ಮೊದಲೇ ಬಂದ ಸಿನಿಮಾನ ನಾನು ಯಾವಾಗ ನೋಡಬೇಕಿತ್ತು?

ಸೈಕೋ ಇನ್ನೂ ನೋಡಿಲ್ಲ, ದಯವಿಟ್ಟು ಇಲ್ಲೂ ಹೇಳಬೇಡಿ. 1999ರ 'ದಿ ಸಿಕ್ಸ್ತ್ ಸೆನ್ಸ್' ಕೊನೆ ನಂಗೆ ಗೊತ್ತಾಗಿದ್ದು ಒಂದು ಮೀಮ್‌ನಿಂದ. ಅದು ಆ ಸಿನಿಮಾ ಮೀಮ್ ಅಂತ ಅರ್ಥ ಆಗಿದ್ದೂ ಸಿನಿಮಾ ನೋಡ್ತಾ ಕೂತಾಗ. ಅರ್ಧ ಗಂಟೆ ಆಗ್ತಿದ್ದ ಹಾಗೇ "ಓ, ಇದಾ ಅದು!" ಅನ್ನಿಸಿಬಿಡ್ತು. ಉಳಿದಿದ್ದೆಲ್ಲಾ ಉತ್ತರ ಗೊತ್ತಿರೋ ಪ್ರಶ್ನೆಪತ್ರಿಕೆ.

ಎರಡನೇ_ಆಟ → ಬ್ಯಾಕ್‌ಲಾಗ್:
ಹಾಗಾದ್ರೆ ಟೈಟಾನಿಕ್ ಮುಳುಗುತ್ತೆ ಅಂತಾನೂ ಹೇಳಂಗಿಲ್ಲ 😄

ಬ್ಯಾಕ್‌ಲಾಗ್ → ಎರಡನೇ_ಆಟ:
ಹಡಗು 1912ರಲ್ಲೇ ಮುಳುಗಿದೆ, ಅದು ಚರಿತ್ರೆ ಪುಸ್ತಕದಲ್ಲಿದೆ. ಅದರಲ್ಲಿ ಯಾರು ಉಳೀತಾರೆ ಅನ್ನೋದು ಸಿನಿಮಾ.

ಬಯಲಾಟ:
ನೀವೆಲ್ಲಾ ಇದಕ್ಕ ಇಷ್ಟ್ಯಾಕ ತಲಿ ಕೆಡಿಸ್ಕೊಳ್ಳಾಕತ್ತೀರಿ ಅಂತ ನನಗ ತಿಳಿವಲ್ದು. ಕುರುಕ್ಷೇತ್ರದಾಗ ಯಾರು ಗೆಲ್ತಾರ ಅಂತ ಗೊತ್ತಿಲ್ದ ಯಾರರ ಮಹಾಭಾರತ ನೋಡ್ತಾರೇನ್ರಿ? ಗೊತ್ತಿದ್ರೂ ಅಭಿಮನ್ಯು ಒಳಗ ಹೊಕ್ಕಾಗ ಎದಿ ಝಲ್ ಅಂತೈತಿ. 2011ರಾಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೆಗೊ ಕ್ಯಾಂಪಸ್ಸಿನ ಇಬ್ಬರು ಮನಶ್ಶಾಸ್ತ್ರಜ್ಞರು, ಲೆವಿಟ್ ಮತ್ತ ಕ್ರಿಸ್ಟನ್‌ಫೆಲ್ಡ್, 12 ಸಣ್ಣ ಕಥಿ ತಗೊಂಡು ಪರೀಕ್ಷಾ ಮಾಡ್ಯಾರ. ಕಡೀಕ ಏನಾಗ್ತೈತಿ ಅಂತ ಮೊದಲ ತಿಳಿದವರಿಗೇ ಕಥಿ ಒಂಚೂರು ಹೆಚ್ಚು ಸೇರಿತ್ತು. ಪತ್ತೇದಾರಿ ಕಥೀನೂ ಅದ್ರಾಗ ಇದ್ವು. ಇನ್ನೇನ್ ಹೇಳ್ತೀರಿ?

ತೆರೆಮರೆ → ಬಯಲಾಟ:
ಆ ಅಧ್ಯಯನ ಬಂದಾಗಿಂದ ಸ್ಪಾಯ್ಲರ್ ಹಾಕೋರಿಗೆಲ್ಲಾ ಅದೇ ಗುರಾಣಿ. ಆದ್ರೆ ಆ ಓದುಗರು ಯಾರೂ ಆ ಕಥೆಗಾಗಿ ತಿಂಗಳುಗಟ್ಟಲೆ ಕಾದಿರಲಿಲ್ಲ. ಕೈಗೆ ಕೊಟ್ಟಿದ್ದನ್ನ ಓದಿದ್ರು, ಅಂಕ ಕೊಟ್ರು, ಹೋದ್ರು. 2015ರಲ್ಲಿ ಜಾನ್ಸನ್ ಮತ್ತು ರೋಸೆನ್‌ಬಾಮ್ ಅನ್ನೋರು ಇಂಥದ್ದೇ ಪರೀಕ್ಷೆ ಮಾಡಿದಾಗ ಬಂದ ಫಲಿತಾಂಶ ತಿರುಗುಮುರುಗು, ಮುಂಚೆ ಗೊತ್ತಿಲ್ಲದೆ ಓದಿದ ಕಥೆಗಳೇ ಹೆಚ್ಚು ಹಿಡಿಸಿದ್ವು.

ಇರಲಿ. ನಿಮ್ಮ ಮಹಾಭಾರತದ ಮಾತು ನಿಜ. ಆದ್ರೆ ಗೊತ್ತಿದ್ದೂ ನೋಡೋಕೆ ಕೂತಿದ್ದು ನೀವೇ ತಾನೇ? ಕೊನೆ ಗೊತ್ತಿದ್ದು ನೋಡೋದು, ಗೊತ್ತಿಲ್ಲದೆ ನೋಡೋದು, ಎರಡೂ ಬೇರೆ ಬೇರೆ ಸುಖ. ಎರಡನೆಯದನ್ನ ಒಂದೇ ಸಲ ಅನುಭವಿಸೋಕಾಗೋದು. ಮೊದಲನೆಯದು ಯಾವಾಗ ಬೇಕಾದ್ರೂ ಸಿಗುತ್ತೆ, ಇನ್ನೊಂದ್ ಸಲ ನೋಡಿದ್ರಾಯ್ತು. ಒಮ್ಮೆ ಮಾತ್ರ ಸಿಗೋದನ್ನ ಬೇರೆಯವರು ಖರ್ಚು ಮಾಡಿಬಿಟ್ರೆ ಸಿಟ್ಟು ಬರೋದು ಸಹಜ.

ಹಳೇರೀಲು:
ಬಯಲಾಟದವರ ಪರವಾಗಿ ಒಂದು ಮಾತು ಹೇಳ್ತೀನಿ, ಯಾಕಂದ್ರೆ ಹಿಚ್‌ಕಾಕೇ ಅವರ ಪಕ್ಷ. ಫ್ರೆಂಚ್ ನಿರ್ದೇಶಕ ತ್ರೂಫೋ ಜೊತೆಗಿನ ಪ್ರಸಿದ್ಧ ಸಂದರ್ಶನದಲ್ಲಿ ಅವರು ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಕೊಡ್ತಾರೆ. ಬಾಂಬ್ ಇರೋದು ಪ್ರೇಕ್ಷಕರಿಗೆ ಗೊತ್ತೇ ಇಲ್ಲದೆ ಸಿಡಿದ್ರೆ ಹದಿನೈದು ಸೆಕೆಂಡಿನ ಬೆಚ್ಚು. ಮೊದಲೇ ಗೊತ್ತಿದ್ರೆ ಮೇಜಿನ ಸುತ್ತ ಕೂತೋರು ಹರಟೆ ಹೊಡೀತಿರೋ ಹದಿನೈದು ನಿಮಿಷವೂ ಉಸಿರು ಬಿಗಿಹಿಡಿದು ಕೂರ್ತೀವಿ.

(ಮುಂದಿನ ಪ್ಯಾರಾ 1958ರ 'ವರ್ಟಿಗೋ' ಕಥೆ ಹೆಣೆದಿರೋ ರೀತಿ ಬಗ್ಗೆ. ಗುಟ್ಟು ಏನು ಅಂತ ಹೇಳಲ್ಲ, ಆದ್ರೆ ಚಿತ್ರದ ಬಗ್ಗೆ ಏನೂ ತಿಳಿಯದೆ ನೋಡಬೇಕು ಅನ್ನೋರು ಈ ಪೋಸ್ಟ್ ಇಲ್ಲಿಗೇ ಬಿಡಿ.)

ಆ ಚಿತ್ರದ ಮೂಲ ಫ್ರೆಂಚ್ ಕಾದಂಬರಿಯಲ್ಲಿ ಗುಟ್ಟು ಬಯಲಾಗೋದು ಕೊನೆಗೆ. ಹಿಚ್‌ಕಾಕ್ ಅದನ್ನ ಮುಂಚೆಯೇ, ನಾಯಕನಿಗೆ ತಿಳಿಯೋ ಮೊದಲೇ, ನಮಗೆ ಹೇಳಿಬಿಡ್ತಾರೆ. ಅಲ್ಲಿಂದ ಮುಂದೆ "ಏನಾಗುತ್ತೆ" ಅನ್ನೋ ಪ್ರಶ್ನೆ ಹೋಗಿ, "ಇವನಿಗೆ ಗೊತ್ತಾದಾಗ ಏನು ಮಾಡ್ತಾನೆ" ಅನ್ನೋದು ಶುರು. ಹಾಗಂತ ಇದೇ ಹಿಚ್‌ಕಾಕ್ ಎರಡು ವರ್ಷ ಬಿಟ್ಟು ಸೈಕೋಗೆ ಬಾಗಿಲು ಹಾಕಿಸಿದ್ರು ಅನ್ನೋದನ್ನೂ ಮರೀಬೇಡಿ. ಯಾವಾಗ ಹೇಳಬೇಕು, ಯಾವಾಗ ಮುಚ್ಚಿಡಬೇಕು ಅನ್ನೋದು ಕಥೆ ಹೇಳೋನ ಹಕ್ಕು. ಕಾಮೆಂಟ್ ಹಾಕೋನದ್ದಲ್ಲ.

ಬ್ಯಾಕ್‌ಲಾಗ್ → ಹಳೇರೀಲು:
ಆವರಣದಲ್ಲಿ ಹಾಗೆ ಎಚ್ಚರಿಸಿದ್ದಕ್ಕೆ ಥ್ಯಾಂಕ್ಸ್ ಸರ್. ಅಲ್ಲಿಗೇ ನಿಲ್ಲಿಸಿ ಕೆಳಗೆ ಹಾರಿದೆ. ಬರೀ "ಸ್ಪಾಯ್ಲರ್ ಅಲರ್ಟ್" ಅಂದಿದ್ರೆ ಯಾವ ಸಿನಿಮಾ ಅಂತ ನೋಡೋಕೆ ಅಂತಲೇ ಓದ್ತಿದ್ದೆ.

ತೆರೆಮರೆ:
ಕಡೇಬೆಂಚು ಅವರ ಮೂರನೇ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. "ಸ್ಪಾಯ್ಲರ್ ಇದೆ" ಅಂತ ಬರೆದ್ರೆ ಸಾಲದು. ಯಾವ ಚಿತ್ರ, ಎಲ್ಲಿವರೆಗೆ, ಯಾವ ಥರದ್ದು ಅಂತ ಹೇಳಬೇಕು. ಸರಣಿ ಆದ್ರೆ "ಎರಡನೇ ಸೀಸನ್ ಆರನೇ ಎಪಿಸೋಡ್‌ವರೆಗೆ" ಅಂತ. ಓದಬೇಕೋ ಬೇಡವೋ ಅನ್ನೋದನ್ನ ಓದೋ ಮೊದಲೇ ತೀರ್ಮಾನ ಮಾಡೋಕಾಗಬೇಕು. ಆ ಅವಕಾಶ ಇದ್ರೆ ಮೊದಲ ದಿನದ ಮೊದಲ ಆಟ ಮುಗಿಸಿ ಬಂದೇ ಬರೀರಿ, ನನ್ನ ಅಭ್ಯಂತರ ಇಲ್ಲ. ಆ ಅವಕಾಶ ಕೊಡದೆ ಐದು ವರ್ಷ ಬಿಟ್ಟು ಬರೆದ್ರೂ ತಪ್ಪೇ. ಈ ದಿನದ ಲೆಕ್ಕವೇ ನನಗೆ ಮುಖ್ಯ ಅನ್ನಿಸಲ್ಲ.

ಪೋಸ್ಟಿನ ಶೀರ್ಷಿಕೆಗೆ, ಮೊದಲ ಸಾಲಿಗೆ, ಜೊತೆಗಿನ ಫೋಟೋಗೆ ಮಾತ್ರ ಯಾವ ವಿನಾಯಿತಿಯೂ ಇಲ್ಲ, ಯಾಕಂದ್ರೆ ಅವು ಕೇಳದೆಯೇ ಕಣ್ಣಿಗೆ ಬೀಳ್ತವೆ. ಯೂಟ್ಯೂಬ್‌ನಲ್ಲಿ ಟ್ರೈಲರ್ ನೋಡಿದ ತಪ್ಪಿಗೆ ಮರುದಿನ "ಎಂಡಿಂಗ್ ಎಕ್ಸ್‌ಪ್ಲೇನ್ಡ್" ವಿಡಿಯೋ ಮುಂದೆ ತಂದಿಡುತ್ತೆ, ಥಂಬ್‌ನೇಲ್‌ನಲ್ಲಿ ಒಬ್ಬರ ಮುಖಕ್ಕೆ ಕೆಂಪು ವೃತ್ತ. ನಾನು ಒತ್ತಲೇ ಇಲ್ಲ, ಆದ್ರೂ ಕಥೆ ಮುಗೀತು.

ಮಧ್ಯಂತರ:
ಒತ್ತೋವರೆಗೆ ಪಠ್ಯ ಮುಚ್ಚಿಡೋ ಟ್ಯಾಗ್ ಇದೆಯಲ್ಲ, ಅದನ್ನ ಯಾಕೆ ಬಳಸಲ್ಲ ಜನ? ಡಿಸ್ಕಾರ್ಡ್‌ನಲ್ಲಿ ಎರಡು ಬದಿಗೂ || ಹಾಕಿದ್ರೆ ಆಯ್ತು. ರೆಡಿಟ್‌ನಲ್ಲಿ >! ಮತ್ತು !<. ಟೆಲಿಗ್ರಾಂನಲ್ಲೂ ಬಂದಿದೆ.

ಹಳೇರೀಲು → ಮಧ್ಯಂತರ:
ಬಳಸಲಿ, ಬಳಸಿ ಒಮ್ಮೆ ತಾವೇ ನೋಡಲಿ. ರೆಡಿಟ್‌ನ ಹಳೇ ವಿನ್ಯಾಸದಲ್ಲಿ ಆ ಗುರುತಿಗೂ ಮೊದಲ ಅಕ್ಷರಕ್ಕೂ ನಡುವೆ ಜಾಗ ಬಿಟ್ರೆ ಮುಚ್ಚಿಕೊಳ್ಳಲ್ಲ. ಎರಡು ಪ್ಯಾರಾ ಇದ್ರೆ ಎರಡಕ್ಕೂ ಬೇರೆ ಬೇರೆ ಹಾಕಬೇಕು. ಬರೆದವರಿಗೆ ಮುಚ್ಚಿದೆ ಅನ್ನೋ ಧೈರ್ಯ, ಓದೋರಿಗೆ ಬಟಾಬಯಲು.

ಹಿಂದೆ ಯೂಸ್‌ನೆಟ್ ಅನ್ನೋ ಹಳೇ ಇಂಟರ್‌ನೆಟ್ ಚರ್ಚಾಜಾಲದ ಕಾಲದಲ್ಲಿ ಇದಕ್ಕೆ ರಾಟ್13 ಅನ್ನೋ ಉಪಾಯ ಇತ್ತು. ಇಂಗ್ಲಿಷಿನ ಪ್ರತಿ ಅಕ್ಷರವನ್ನ 13 ಮನೆ ಮುಂದಕ್ಕೆ ತಳ್ಳೋದು. ಒಟ್ಟು 26 ಇರೋದ್ರಿಂದ ಇನ್ನೊಂದ್ ಸಲ ತಳ್ಳಿದ್ರೆ ಮೊದಲಿನಂತೆ ಆಗುತ್ತೆ. ಬೇಕು ಅಂತ ಕೂತು ಬಿಡಿಸಿದೋರಿಗೆ ಮಾತ್ರ ಅರ್ಥ. ಕನ್ನಡಕ್ಕೆ ಮಾಡೋಣ ಅಂದ್ರೆ ನಮ್ಮ ವರ್ಣಮಾಲೆ 49, ಸರಿಯಾಗಿ ಅರ್ಧಕ್ಕೂ ಬರಲ್ಲ.

ತೆರೆಮರೆ → ಮಧ್ಯಂತರ:
ಟ್ಯಾಗ್ ಹಾಕಿದ್ರೂ ಕನ್ನಡದಲ್ಲಿ ಇನ್ನೊಂದು ಪೇಚು ಇದೆ, ಯಾರೂ ಗಮನಿಸಲ್ಲ. ಒಬ್ಬರು ಹೀಗೆ ಬರೆದಿದ್ರು:

"ಕೊನೆಗೆ ████ ಸತ್ತಳು ಅಂತ ಗೊತ್ತಾದಾಗ ಕಣ್ಣೀರು ಬಂತು."

ಹೆಸರು ಮುಚ್ಚಿದಾರೆ, ಸರಿ. ಸಾವು ಹೊರಗೇ ಇದೆ. ಅದೂ ಹೋಗಲಿ, ಕ್ರಿಯಾಪದ ನೋಡಿ. "ಸತ್ತಳು" ಅಂದ್ಮೇಲೆ ಹೆಣ್ಣು ಅಂತಾಯ್ತು. ಆ ಚಿತ್ರದಲ್ಲಿ ಮುಖ್ಯವಾದ ಹೆಣ್ಣು ಪಾತ್ರ ಇರೋದೇ ಒಂದು! "ತೀರಿಕೊಂಡರು" ಅಂದಿದ್ರೆ ವಯಸ್ಸಾದ ಪಾತ್ರ ಅಂತ ಊಹೆ ಹೋಗ್ತಿತ್ತು. ಇಂಗ್ಲಿಷಿನವರು ಹೆಸರೊಂದನ್ನ ಮುಚ್ಚಿ ಪಾರಾಗಬಹುದು, ನಾವು ಮುಚ್ಚಿದ್ರೆ ಇಡೀ ವಾಕ್ಯ ಮುಚ್ಚಬೇಕು. ಹೆಸರಿನ ಮೇಲಿನ ಕಪ್ಪು ಪಟ್ಟಿ ಎಷ್ಟುದ್ದ ಇದೆ ಅಂತ ಅಳೆಯೋ ಪುಣ್ಯಾತ್ಮರೂ ಇದಾರೆ, ಅವರಿಗೆ ಮದ್ದಿಲ್ಲ.

ನಿಶಾಚರಿ → ತೆರೆಮರೆ:
ಅಯ್ಯೋ ಹೌದಲ್ಲಾ! "████ ಮೋಸ ಮಾಡ್ತಾನೆ" ಅಂತ ನಾನೇ ಎಷ್ಟ್ ಸಲ ಓದಿಲ್ಲ. ಆ "ತಾನೆ" ಸಾಕು.

ಕರಾವಳಿ_ಕ್ಯಾಮರಾ:
ನನ್ನದು ಉಲ್ಟಾ ಕೇಸ್ ಮಾರಾಯ್ರೇ. ನನಗೆ ಸ್ಪಾಯ್ಲರ್ ಬೇಕು. ಮನೆಯಲ್ಲಿ ಒಂದು ಸಾವಾದ ಮೇಲೆ, ಸಿನಿಮಾದಲ್ಲಿ ಮಗು ಸಾಯ್ತದಾ ಅಂತ ಗೊತ್ತಿಲ್ಲದೆ ನನಗೆ ಕೂರಲಿಕ್ಕೇ ಆಗುವುದಿಲ್ಲ. ಗೊತ್ತಿದ್ದರೆ ಮನಸ್ಸು ಗಟ್ಟಿ ಮಾಡಿಕೊಂಡು ನೋಡ್ತೇನೆ, ಇಲ್ಲದಿದ್ದರೆ ಬಿಡ್ತೇನೆ. ಒಂದು ಕಡೆ "ಈ ಚಿತ್ರದಲ್ಲಿ ಮಗುವಿಗೆ ಏನಾದರೂ ಆಗ್ತದಾ, ಯಾರಾದರೂ ಹೇಳಿ" ಅಂತ ಕೇಳಿದ್ದಕ್ಕೆ ನನಗೇ ಬೈದರು, ಪ್ರಶ್ನೆಯೇ ಸ್ಪಾಯ್ಲರ್ ಅಂತೆ. ಎಂತ ಮಾಡುವುದು ಹೇಳಿ?

ತೆರೆಮರೆ → ಕರಾವಳಿ_ಕ್ಯಾಮರಾ:
ಬೈದವರದ್ದು ಅತಿಯಾಯ್ತು. ಪ್ರಶ್ನೆ ಯಾವತ್ತೂ ಸ್ಪಾಯ್ಲರ್ ಅಲ್ಲ, ಉತ್ತರ ಎಲ್ಲರ ಮುಂದೆ ಬಿದ್ದಾಗ ಆಗುತ್ತೆ. "ಗೊತ್ತಿದ್ದವರು ಖಾಸಗಿಯಾಗಿ ತಿಳಿಸಿ" ಅಂತ ಸೇರಿಸಿ, ಯಾರಾದ್ರೂ ಬಂದೇ ಬರ್ತಾರೆ. ಇಂಥದ್ದಕ್ಕೇ ಅಂತ 'ಡಸ್ ದ ಡಾಗ್ ಡೈ' ಅನ್ನೋ ಜಾಲತಾಣ ಇದೆ. ನಾಯಿ ಸಾಯುತ್ತಾ ಅನ್ನೋದರಿಂದ ಶುರುವಾಗಿ ಈಗ ಮಗು, ಆಸ್ಪತ್ರೆ, ಬೆಂಕಿ, ಹೀಗೆ ನೂರಾರು ವಿಷಯಕ್ಕೆ ಹೌದು, ಇಲ್ಲ ಅಂತ ನೋಡಿದೋರೇ ಗುರುತು ಹಾಕ್ತಾರೆ. ಎಲ್ಲಾ ಚಿತ್ರ ಸಿಗಲ್ಲ, ಸಿಕ್ಕಿದ್ರೆ ಅನುಕೂಲ.

ಬಯಲಾಟ → ಕರಾವಳಿ_ಕ್ಯಾಮರಾ:
ಅಕ್ಕಾರ, ಇನ್ನೊಮ್ಮಿ ಯಾವುದರ ಬೇಕಾದ್ರ ನನಗ ಮೆಸೇಜ್ ಮಾಡ್ರಿ. ನಾ ಹೆಂಗೂ ಕಡೀದು ಮೊದಲ ಓದೇ ನೋಡಾಂವ.

ಕರಾವಳಿ_ಕ್ಯಾಮರಾ → ಬಯಲಾಟ:
ಉಪಕಾರ ಆಯ್ತು ಅಣ್ಣ, ಖಂಡಿತ ಕೇಳ್ತೇನೆ.

ನಿಶಾಚರಿ:
ಸರಣಿ ನೋಡೋರ ಕಷ್ಟ ಇನ್ನೂ ಜಾಸ್ತಿ. ಅಲ್ಲಿ ಯಾರೂ ಏನೂ "ಹೇಳೋದೇ" ಇಲ್ಲ, ಆದ್ರೂ ಎಲ್ಲಾ ಗೊತ್ತಾಗುತ್ತೆ. ನಾನು ನಾಲ್ಕನೇ ಎಪಿಸೋಡ್ ಮುಗಿಸಿ "ಅಣ್ಣನ ಮೇಲೆ ನನಗೆ ಅನುಮಾನ" ಅಂತ ಬರೆದೆ. ಪೂರ್ತಿ ನೋಡಿದ ಒಬ್ಬರು ಬಂದು "ಹ್ಹಹ್ಹ, ನೋಡ್ತಿರಿ" ಅಂದ್ರು. ಇನ್ನೊಬ್ಬರು ಬರೀ ಕಣ್ಣು ಮಿಟುಕಿಸೋ ಇಮೋಜಿ. ಮೂರನೆಯವರು "ನಾನೇನೂ ಹೇಳಲ್ಲಪ್ಪ". ನನ್ನ ಬೇರೆ ಐದು ಊಹೆಗೆ ಯಾರೂ ತಲೆ ಹಾಕಿರಲಿಲ್ಲ, ಇದೊಂದಕ್ಕೆ ಮೂರು ಜನ! ಇನ್ನೇನು ಉಳೀತು?

ಹಳೇರೀಲು → ನಿಶಾಚರಿ:
ಮುಂದೆ ನೋಡಿದವರು ಊಹೆಯ ಚರ್ಚೆಗೆ ಇಳಿಯಲೇಬಾರದು. ತಪ್ಪು ಊಹೆಗೆ "ಸರಿ ಸರಿ" ಅಂತ ದಾರಿ ತಪ್ಪಿಸೋದೂ ಒಂಥರಾ ಮೂಗು ತೂರಿಸೋದೇ. ಕಾದಂಬರಿ ಓದಿ ಸಿನಿಮಾಗೆ ಬರೋರಿಗೂ ಇದೇ ಮಾತು. ಸುಮ್ಮನೆ ಓದಿ ಖುಷಿಪಡಲಿ.

ಮಧ್ಯಂತರ:
ಸಿನಿಮಾ, ನಟರ ಮಾಹಿತಿ ಕೊಡೋ ಐಎಂಡಿಬಿ ಜಾಲತಾಣ ಕೂಡ ಹಾಗೇ ಕೈಕೊಡುತ್ತೆ. ನಟನ ಹೆಸರೇನು ಅಂತ ಹುಡುಕೋಕೆ ಹೋದ್ರೆ ಪಕ್ಕದಲ್ಲೇ ಎಷ್ಟು ಎಪಿಸೋಡ್ ಅಂತ ಇರುತ್ತೆ. ಇಪ್ಪತ್ತು ಎಪಿಸೋಡಿನ ಸರಣಿಯಲ್ಲಿ ನಾಯಕನ ತಮ್ಮನಿಗೆ "7" ಅಂತ ಇದ್ರೆ ಆರನೇ ಎಪಿಸೋಡಲ್ಲಿ ಕೂತಿರೋನಿಗೆ ಹೇಗಾಗಬೇಡ. ಇಂಗ್ಲಿಷ್ ವಿಕಿಪೀಡಿಯಾನೂ ಸ್ಪಾಯ್ಲರ್ ಎಚ್ಚರಿಕೆ ಹಾಕೋದನ್ನ 2007ರಲ್ಲೇ ಕೈಬಿಟ್ಟಿದೆ. ಹಾಗಾಗಿ ಚರ್ಚೆಯಲ್ಲಿ ಯಾರಾದ್ರೂ "ಈ ನಟ ಯಾರು" ಅಂತ ಕೇಳಿದ್ರೆ ಲಿಂಕ್ ಅಂಟಿಸಬೇಡಿ, ಹೆಸರು ಬರೀರಿ ಸಾಕು.

ಎರಡನೇ_ಆಟ:
ಸರಿ ಸರಿ, ಎರಡು ವಾರದ ಮಾತು ವಾಪಸ್ ತಗೊಳಲ್ಲ, ಆದ್ರೆ ಶೀರ್ಷಿಕೆಯಲ್ಲಿ ಹಾಕಬಾರದು ಅನ್ನೋದು ಒಪ್ಪಿದೆ. ಒಂದೇ ಪ್ರಶ್ನೆ: "ಟ್ವಿಸ್ಟ್ ಇದೆ" ಅನ್ನೋದೂ ಸ್ಪಾಯ್ಲರ್ರಾ? ಅದನ್ನೂ ಹೇಳಬಾರದು ಅಂದ್ರೆ ವಿಮರ್ಶೆ ಬರೆಯೋದು ಹೇಗೆ?

ಬ್ಯಾಕ್‌ಲಾಗ್ → ಎರಡನೇ_ಆಟ:
ಸ್ಪಾಯ್ಲರ್ರೇ! ಟ್ವಿಸ್ಟ್ ಇದೆ ಅಂತ ಗೊತ್ತಾದ್ರೆ ಸಿನಿಮಾ ನೋಡಲ್ಲ ನಾನು, ತನಿಖೆ ಮಾಡ್ತೀನಿ. ಟೀ ತಂದುಕೊಡೋನ ಮೇಲೂ ಅನುಮಾನ.

ಕಡೇಬೆಂಚು:
ಇಷ್ಟೆಲ್ಲಾ ಬರೆದಿದ್ದಕ್ಕೆ ಧನ್ಯವಾದ. ವಿಮರ್ಶೆ ಮಾತು ಬಂತಲ್ಲ, ನಾನೊಂದು ಚಿತ್ರದ ಬಗ್ಗೆ ನಾಳೆ ಹಾಕಬೇಕು. ಹೀಗೆ ಬರೆದ್ರೆ ಆಗುತ್ತಾ ನೋಡಿ:

"ಸ್ಪಾಯ್ಲರ್ ಇಲ್ಲ. ಮೊದಲಾರ್ಧ ಸ್ವಲ್ಪ ನಿಧಾನ. ಡಾಕ್ಟರ್ ಪಾತ್ರ ಮಾಡಿದವರ ನಟನೆಯ ಸೂಕ್ಷ್ಮ ಎರಡನೇ ಸಲ ನೋಡಿದಾಗಲೇ ಪೂರ್ತಿ ಅರ್ಥ ಆಗೋದು. ಕೊನೆಯ ಹತ್ತು ನಿಮಿಷ ಕಣ್ಣು ಮಿಟುಕಿಸಬೇಡಿ."

ತೆರೆಮರೆ → ಕಡೇಬೆಂಚು:
"ಎರಡನೇ ಸಲ ನೋಡಿದಾಗ" ಅಂದ್ಮೇಲೆ ಡಾಕ್ಟರ್ ಏನೋ ಮುಚ್ಚಿಟ್ಟಿದಾರೆ ಅಂತಾಯ್ತು. ಕೊನೆಯ ಹತ್ತು ನಿಮಿಷದಲ್ಲಿ ಅದು ಹೊರಬರುತ್ತೆ ಅಂತಲೂ ಆಯ್ತು. ಮೂರೇ ವಾಕ್ಯದಲ್ಲಿ ಕಥೆ ಮುಗಿಸಿಬಿಟ್ರಲ್ಲ ಸ್ವಾಮಿ.

ಕಡೇಬೆಂಚು → ತೆರೆಮರೆ:
ಸರಿ, ಹೀಗೆ? "ಮೊದಲಾರ್ಧ ನಿಧಾನ, ಆದ್ರೆ ಆ ನಿಧಾನಕ್ಕೆ ಕಾರಣ ಇದೆ. ಎಲ್ಲರ ನಟನೆಯೂ ಹದವಾಗಿದೆ."

ನಿಶಾಚರಿ → ಕಡೇಬೆಂಚು:
"ಕಾರಣ ಇದೆ" 🙄

ಕಡೇಬೆಂಚು → ನಿಶಾಚರಿ:
"ಮೊದಲಾರ್ಧ ನಿಧಾನ. ಎಲ್ಲರ ನಟನೆಯೂ ಹದವಾಗಿದೆ. ಕತ್ತಲೆಯ ದೃಶ್ಯಗಳ ಛಾಯಾಗ್ರಹಣಕ್ಕಾಗಿಯಾದರೂ ದೊಡ್ಡ ತೆರೆಯಲ್ಲಿ ನೋಡಿ. ಪೂರ್ತಿ ನೋಡಿದವರಿಗೆ ಮಾತ್ರ: ಕೆಳಗಿನ ಮುಚ್ಚಿದ ಭಾಗದಲ್ಲಿ ಕೊನೆಯ ಬಗ್ಗೆ ಬರೆದಿದ್ದೇನೆ."

ತೆರೆಮರೆ → ಕಡೇಬೆಂಚು:
ಈಗ ಸರಿ ಹೋಯ್ತು. ಚಿತ್ರದ ಹೆಸರು ಮೇಲೆ ಹಾಕೋದು ಮರೀಬೇಡಿ.

ಬಯಲಾಟ:
ಡಾಕ್ಟರ್ ಅಂತ ನನಗಂತೂ ಗೊತ್ತಾತು ಬಿಡ್ರಿ. ನಾಳೆ ಮ್ಯಾಟಿನಿಗೆ ಹೊಂಟೀನಿ, ಬ್ಯಾಸರ ಏನಿಲ್ಲ.

ಕಡೇಬೆಂಚು → ಬಯಲಾಟ:
ಅಣ್ಣಾ, ಡಾಕ್ಟರ್ ಅಂತ ಸುಮ್ಮನೆ ಉದಾಹರಣೆಗೆ ಬರೆದಿದ್ದು. ಆ ಚಿತ್ರದಲ್ಲಿ ಡಾಕ್ಟರೇ ಇಲ್ಲ.

ಬ್ಯಾಕ್‌ಲಾಗ್ → ಕಡೇಬೆಂಚು:
ಡಾಕ್ಟರ್ ಇಲ್ಲ ಅಂತ ಈಗ ಗೊತ್ತಾಯ್ತಲ್ಲ!